ಪದ ಬೇಕು: ಹಳ್ಳಿಯವನನ್ನು ಹಂಗಿಸುವ ‘ಹಿಕ್’ಗೆ ಕನ್ನಡದಲ್ಲಿ ಏನು?

ಇಂಗ್ಲಿಷ್ ನಾಟಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಳ್ಳಿಯಿಂದ ಬಂದ ಮೈದುನನನ್ನು ಪೇಟೆಯ ಅತ್ತಿಗೆ ನೆಂಟರ ಮುಂದೆ ‘ಹಿಕ್’ ಅಂತ ಹಂಗಿಸುತ್ತಾಳೆ. ‘ಹಳ್ಳಿಗ’ ಚುಚ್ಚುವುದಿಲ್ಲ. ‘ಗಮಾರ’ ಅಂತ ಬರೆದಿದ್ದೆ, ನಟರಿಗೆ ಹಳೇ ಸಿನಿಮಾ ಮಾತಿನ ಹಾಗೆ ಕೇಳಿಸಿತಂತೆ. ನಾಳೆ ಬೆಳಗ್ಗೆ ತಾಲೀಮು. ದಯವಿಟ್ಟು ಇವತ್ತೇ ತಿಳಿಸಿ.

ಉತ್ತರ:
‘ಗಮಾರ’ ಹಿಂದಿಯದು, ತೆಗೆಯಿರಿ. ನಮ್ಮದೇ ‘ಗಾವಿಲ’ ಇರುವಾಗ ಸಾಲ ಯಾಕೆ?

ಉತ್ತರ:
‘ಗಾವಿಲ’ ನಮ್ಮದೇ ಅನ್ನುವುದು ತಪ್ಪು. ಅದೂ ‘ಗ್ರಾಮ’ದಿಂದಲೇ ಪ್ರಾಕೃತದ ದಾರಿಯಲ್ಲಿ ಬಂದದ್ದು. ‘ಗಮಾರ’ ಆಮೇಲೆ ಬಂತು, ಅಷ್ಟೇ. ಸಾಲದ ಲೆಕ್ಕ ತೆಗೆದರೆ ಎರಡನ್ನೂ ಬಿಡಬೇಕಾಗುತ್ತೆ. ಅದಿರಲಿ, ಇವತ್ತು ರಂಗದ ಮೇಲೆ ‘ಗಾವಿಲ’ ಅಂದರೆ ಯಾರಿಗೆ ತಿಳಿಯುತ್ತೆ? ಬೈಗುಳ ಕೇಳಿದ ಕೂಡಲೇ ತಾಗಬೇಕು.

‘ಹಿಕ್’ ಹುಟ್ಟಿದ್ದು ಹೆಸರಿನಿಂದ. ರಿಚರ್ಡನನ್ನು ಹಿಕ್ ಅಂತ ಮೊಟಕು ಮಾಡಿ ಕರೆಯುತ್ತಿದ್ದರು. ಅಮೆರಿಕದ ‘ರೂಬ್’ ಕೂಡ ರೂಬೆನ್ನೇ. ನಮ್ಮ ಮೈಸೂರು ಕಡೆ ‘ಬೋರೇಗೌಡ’ ಅನ್ನುವ ಹಾಗೆ ಅಲ್ವಾ? ಆದರೆ ಅದು ಒಂದು ಸಮುದಾಯವನ್ನು ಸುಮ್ನೆ ಎಳೆದು ತರುತ್ತೆ. ನಾನಾದರೆ ಹಾಕಲ್ಲ. ಅಲ್ಲಿ ‘ಹಳ್ಳಿ ಗುಗ್ಗು’ ಸಾಕು.

ನಾಟಕ ಉತ್ತರ ಕರ್ನಾಟಕದಲ್ಲಾದರೆ ‘ಜವಾರಿ’ಯನ್ನು ಬಿಡಬೇಡಿ. ನಾನು ಧಾರವಾಡದ ಹಾಸ್ಟೆಲ್ಲಿಗೆ ಹೋದ ಮೊದಲ ವಾರ. ನಮ್ಮೂರಲ್ಲಿ ಹೊಲದಲ್ಲಿ ಉಣ್ಣುವ ಹಾಗೆ ರೊಟ್ಟಿಯನ್ನು ಅಂಗೈ ಮೇಲೆ ಇಟ್ಟುಕೊಂಡು, ಅದರ ಮೇಲೇ ಪಲ್ಯ ಹಾಕಿಸಿಕೊಂಡು ತಿಂದೆ. ‘ಭಾಳ ಜವಾರಿ ಅದಾನ’ ಅಂದರು. ಊಟ ಅಲ್ಲಿಗೇ ಬಿಟ್ಟೆ. ಅದೇ ಹುಡುಗರು ಭಾನುವಾರ ಸಂತೆಗೆ ಹೋಗಿ, ಫಾರ್ಮಿನದು ಬೇಡ ಅಂತ ಜಾಸ್ತಿ ದುಡ್ಡು ಕೊಟ್ಟು ಜವಾರಿ ತತ್ತಿ ತಂದರು. ತತ್ತಿಗೆ, ಬದನೆಕಾಯಿಗೆ, ಕೋಳಿಗೆ ಹೊಗಳಿಕೆ. ಮನುಷ್ಯನಿಗೆ ಹೇಳುವ ದನಿ ಬದಲಾದರೆ ಬೈಗುಳ.

ಉತ್ತರ:
‘ಜವಾರಿ’ಯೂ ಅಚ್ಚಗನ್ನಡ ಅಲ್ಲ. ಹೀಗೆ ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡರೆ ಕನ್ನಡದ ಪದಗಳು ನಿಘಂಟಿನಲ್ಲೇ ಸಾಯುತ್ತವೆ.

ಉತ್ತರ:
ನಿಘಂಟಿನಲ್ಲಿ ಮಾತ್ರ ಉಳಿದದ್ದು ‘ಗಾವಿಲ’. ‘ಜವಾರಿ’ ದಿನಾ ಸಂತೆಯಲ್ಲಿ ಕೇಳಿಸುತ್ತೆ.

ಪ್ರಶ್ನೆ ಕೇಳಿದವರು:
ನಾಟಕ ಹುಬ್ಬಳ್ಳಿಯಲ್ಲೇ. ‘ಬಂದ ನೋಡ್ರಿ, ನಮ್ಮನಿ ಜವಾರಿ’ ಅಂತ ಬರೆದುಕೊಂಡೆ. ಎರಡನೇ ಅಂಕದಲ್ಲಿ ಅತ್ತಿಗೆ ಅದೇ ನೆಂಟರಿಗೆ ಕೋಳಿ ಸಾರು ಬಡಿಸುತ್ತಾಳೆ. ಅಲ್ಲಿ ‘ಜವಾರಿ ಕೋಳಿ ಐತ್ರಿ, ಇನ್ನೊಂಚೂರು ಹಾಕ್ಕೋರಿ’ ಅನ್ನಿಸುತ್ತೇನೆ. ಮೈದುನ ಆಗ ಪಕ್ಕದಲ್ಲೇ ಕೂತಿರುತ್ತಾನೆ.