ಮರಿ ಬಿಯರ್ಡೆಡ್ ಡ್ರ್ಯಾಗನ್‌ಗೆ ಸೊಪ್ಪು ಒಂದೇ ಸಾಕಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಟೆಕ್ಸಸ್‌ನ ಪ್ಲೇನೋದಲ್ಲಿದ್ದೇವೆ. ಮಗನ ಹಟಕ್ಕೆ ಹೋದ ತಿಂಗಳು ಬಿಯರ್ಡೆಡ್ ಡ್ರ್ಯಾಗನ್ (ಮನೆಯಲ್ಲಿ ಸಾಕುವ ಒಂದು ಜಾತಿಯ ಹಲ್ಲಿ) ಮರಿ ತಂದೆವು. ಈಗ ಮೂರು ತಿಂಗಳು. ಹೆಸರು ಬೋರ, ನಮ್ಮತ್ತೆಗೆ ಮಾತ್ರ ಅವನು 'ಓತಿಕ್ಯಾತ'. ನಮ್ಮದು ಸಸ್ಯಾಹಾರಿ ಮನೆ, ಜೀವಂತ ಹುಳು ತಂದಿಟ್ಟುಕೊಳ್ಳೋಕೆ ಯಾರಿಗೂ ಮನಸ್ಸಿಲ್ಲ. ಪಾಲಕ್, ಲೆಟಿಸ್, ಕ್ಯಾರೆಟ್ ತುರಿ ಕೊಡುತ್ತಿದ್ದೇವೆ. ಕ್ಯಾಲ್ಸಿಯಂ ಬೇಕು ಅಂತ ಮೇಲೆ ರಾಗಿ ಹಿಟ್ಟು ಉದುರಿಸುತ್ತೇನೆ. ಗಾಜಿನ ತೊಟ್ಟಿ ಕಿಟಕಿ ಪಕ್ಕದಲ್ಲೇ ಇದೆ, ಬಿಸಿಲು ಚೆನ್ನಾಗಿ ಬೀಳುತ್ತದೆ. ಆದರೂ ಮಂಕಾಗಿದ್ದಾನೆ. ಎರಡು ದಿನದಿಂದ ಹಿಂಗಾಲಿನ ಬೆರಳು ಸಣ್ಣಗೆ ಅದುರುತ್ತಿದೆ. ಏನು ಮಾಡಲಿ?

ಉತ್ತರ: ಊಟದ ಮಾತು ಆಮೇಲೆ. ಬೆರಳು ಅದುರುತ್ತಿದೆ ಅಂದರಲ್ಲ, ನಾಳೆಯೇ ಸರೀಸೃಪ ನೋಡುವ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಹೀಗಾಗುತ್ತದೆ. ಮೈ ಆ ಕೊರತೆಯನ್ನು ಮೂಳೆಯಿಂದ ತೆಗೆದು ತುಂಬಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಕೆಳದವಡೆ ರಬ್ಬರಿನ ಹಾಗೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಸೊಟ್ಟಗಾದ ಮೂಳೆ ಮತ್ತೆ ನೆಟ್ಟಗಾಗುವುದು ಕಷ್ಟ.

ಇನ್ನು ರಾಗಿ. ಓದಿ ನಗು ಬಂತು, ನಾನೂ ಮುದ್ದೆ ತಿಂದು ಬೆಳೆದವನೇ. ನಮಗೆ ರಾಗಿ ಒಳ್ಳೆಯದು ನಿಜ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯಲ್ಲಿ 100 ಗ್ರಾಂಗೆ 40 ಗ್ರಾಂ ಕ್ಯಾಲ್ಸಿಯಂ! ಚಿಟಿಕೆಗೆ ಚಿಟಿಕೆ ಹೋಲಿಸಿದರೆ ನೂರು ಪಟ್ಟಿಗೂ ಜಾಸ್ತಿ. ಅಲ್ಲದೆ ರಾಗಿಯಲ್ಲಿ ರಂಜಕವೂ ಇದೆ, ಅದು ಲೆಕ್ಕ ಕೆಡಿಸುತ್ತದೆ. ರಂಜಕ ಒಂದು ಪಾಲು ಇದ್ದರೆ ಕ್ಯಾಲ್ಸಿಯಂ ಎರಡು ಪಾಲಾದರೂ ಬೇಕು. ಹಾಗಾಗಿ ರಂಜಕ ಇಲ್ಲದ ಪುಡಿಯನ್ನೇ ಕೊಳ್ಳಿ.

ಈಗ ನಿಮಗೆ ಇಷ್ಟವಾಗದ ಮಾತು. ಹುಳು ಇಲ್ಲದೆ ಈ ಮರಿ ಬೆಳೆಯೋದಿಲ್ಲ. ಆಸ್ಟ್ರೇಲಿಯಾದ ಒಳನಾಡಿನ ಒಣ ಭೂಮಿ ಇವುಗಳ ತವರು. ದೊಡ್ಡವಾದ ಮೇಲೆ ಇವು ಹೆಚ್ಚಾಗಿ ಸೊಪ್ಪನ್ನೇ ತಿನ್ನುತ್ತವೆ, ಆಗ ನಿಮ್ಮ ಮನೆಗೆ ಹೇಳಿ ಮಾಡಿಸಿದ ಹಾಗಿರುತ್ತಾನೆ. ಆದರೆ ಮೊದಲ ವರ್ಷ ಮೈ ಕಟ್ಟುವ ಕಾಲ. ಊಟದಲ್ಲಿ ಮುಕ್ಕಾಲು ಪಾಲು ಹುಳು, ಉಳಿದದ್ದು ಸೊಪ್ಪು. ಈ ವಯಸ್ಸಿಗೆ ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷದಲ್ಲಿ ಎಷ್ಟು ತಿನ್ನುತ್ತಾನೋ ಅಷ್ಟು. ಅವನ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ದೊಡ್ಡ ಹುಳು ಮಾತ್ರ ಬೇಡ.

ಕ್ರಿಕೆಟ್ ಹುಳು ಎಲ್ಲ ಕಡೆ ಸಿಗುತ್ತದೆ, ಆದರೆ ರಾತ್ರಿಯೆಲ್ಲ ಕಿರ್ ಅನ್ನುತ್ತದೆ, ವಾಸನೆಯೂ ಇದೆ. ಡುಬಿಯಾ ಜಿರಳೆಗೆ ಸದ್ದಿಲ್ಲ, ನುಣ್ಣಗಿನ ಗೋಡೆ ಹತ್ತೋದಿಲ್ಲ, ಅತ್ತೆಯವರ ಕಣ್ಣಿಗೂ ಬೀಳೋದಿಲ್ಲ. ಹುಳುಗಳಿಗೆ ಹಿಂದಿನ ದಿನವೇ ಒಳ್ಳೆಯ ಸೊಪ್ಪು, ಕ್ಯಾರೆಟ್ ತಿನ್ನಿಸಿಡಿ. ಅವುಗಳ ಹೊಟ್ಟೆಯಲ್ಲಿರೋದೇ ಬೋರನ ಹೊಟ್ಟೆಗೆ ಹೋಗೋದು, ಅಲ್ವಾ? ಕೊಡುವ ಮೊದಲು ಒಂದು ಚೀಲಕ್ಕೆ ಹುಳು ಹಾಕಿ, ಚಿಟಿಕೆ ಪುಡಿ ಸೇರಿಸಿ ಮೆಲ್ಲಗೆ ಅಲ್ಲಾಡಿಸಿ. ಮೈಗೆ ವಿಭೂತಿ ಬಳಿದ ಹಾಗೆ ತೆಳ್ಳಗೆ ಬೆಳ್ಳಗಾದರೆ ಸಾಕು. ಕ್ಯಾಲ್ಸಿಯಂ ದಿನಾ ಒಂದು ಹೊತ್ತು. ವಿಟಮಿನ್ ಪುಡಿ ವಾರಕ್ಕೆ ಒಂದೆರಡು ಸಲ.

ಪಾಲಕ್ ನಿಲ್ಲಿಸಿ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ದಂಟಿನ ಸೊಪ್ಪಿನದೂ ಇದೇ ಕಥೆ. ಲೆಟಿಸ್ ಬರೀ ನೀರು. ಇಂಡಿಯನ್ ಅಂಗಡಿಯ ಸಾಸಿವೆ ಸೊಪ್ಪು, ಅಲ್ಲಿನ ಕಾಲರ್ಡ್, ಡ್ಯಾಂಡೆಲಿಯನ್ ಸೊಪ್ಪು ಒಳ್ಳೆಯದು. ಸಣ್ಣಗೆ ಹೆಚ್ಚಿ, ತೊಳೆದ ನೀರು ಹಾಗೇ ಇರಲಿ. ಬೆಣ್ಣೆಹಣ್ಣು ವಿಷ, ಬೇಡವೇ ಬೇಡ.

ಕಿಟಕಿಯ ಬಿಸಿಲು ಲೆಕ್ಕಕ್ಕಿಲ್ಲ. ಡಿ3 ವಿಟಮಿನ್ ತಯಾರಾಗಲು ಬೇಕಾದ ಯುವಿಬಿ ಕಿರಣವನ್ನು ಗಾಜು ತಡೆಯುತ್ತದೆ. ಅದಿಲ್ಲದೆ ಎಷ್ಟು ಪುಡಿ ಹಾಕಿದರೂ ಮೈಗೆ ಹತ್ತೋದಿಲ್ಲ. ಸುಮ್ನೆ ತೊಟ್ಟಿ ಕಾದು ಒಲೆಯಾಗುತ್ತದೆ ಅಷ್ಟೇ. ಕಿಟಕಿಯಿಂದ ಸರಿಸಿ, ಯುವಿಬಿ ಟ್ಯೂಬ್ ಹಾಕಿ. ಅವನು ಮೈ ಕಾಯಿಸುವ ಕಲ್ಲು 100ರಿಂದ 110 ಡಿಗ್ರಿ ಫ್ಯಾರನ್‌ಹೀಟ್ ಇರಲಿ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮ ಮನೆಯಲ್ಲೂ ಒಂದಿದೆ. ಮಕ್ಕಳು ಹಿತ್ತಲಲ್ಲಿ ಹುಳು ಹಿಡಿದು ತರುತ್ತಾರೆ. ಕೊಡಬಹುದಾ?

ಉತ್ತರ: ಬೇಡ. ಔಷಧಿ ಸಿಂಪಡಿಸಿದ ಹುಲ್ಲಿನಿಂದ ಬಂದಿರಬಹುದು. ಅದಕ್ಕಿಂತ ದೊಡ್ಡ ಭಯ ಮಿಂಚುಹುಳುವಿನದು. ಅಮೆರಿಕದ ಮಿಂಚುಹುಳುವಿನಲ್ಲಿ ಕಪ್ಪೆ ವಿಷದಂಥದ್ದು ಇರುತ್ತದೆ, ಹೃದಯಕ್ಕೇ ಹೊಡೆಯುತ್ತದೆ. ಒಂದೇ ಒಂದು ಹುಳು ತಿಂದರೂ ಡ್ರ್ಯಾಗನ್ ಸಾಯಬಹುದು. ಮಕ್ಕಳಿಗೆ ಇದನ್ನು ಇವತ್ತೇ ಹೇಳಿ.

ಮೊದಲ ಪ್ರಶ್ನೆ ಕೇಳಿದವರು: ಡಾಕ್ಟ್ರೇ, ತೋರಿಸಿಕೊಂಡು ಬಂದೆವು. ಎಕ್ಸ್‌ರೇಯಲ್ಲಿ ಮೂಳೆ ತೆಳುವಾಗಿದೆ, ಮುರಿದಿಲ್ಲ. ಬಾಯಿಗೆ ಹಾಕುವ ಕ್ಯಾಲ್ಸಿಯಂ ಕೊಟ್ಟಿದ್ದಾರೆ. ಹುಳುವಿನ ಡಬ್ಬ ವಾಷಿಂಗ್ ಮೆಷಿನ್ ಕೋಣೆಯಲ್ಲಿದೆ. ಅತ್ತೆ ಆ ಕಡೆ ಹೋಗುತ್ತಿಲ್ಲ, ಬಟ್ಟೆ ಒಗೆಯೋದೆಲ್ಲ ಈಗ ಯಜಮಾನರ ಪಾಲಿಗೆ! ತಿಂದು ಉಳಿದ ಕ್ರಿಕೆಟ್ ಹುಳು ರಾತ್ರಿ ತೊಟ್ಟಿಯಲ್ಲೇ ಇದ್ದರೆ ಪರವಾಗಿಲ್ವಾ?

ಉತ್ತರ: ಇರಬಾರದು. ಮಲಗಿದ ಮರಿಯನ್ನು ಅವೇ ಕಚ್ಚುತ್ತವೆ. ಎಲ್ಲ ತೆಗೆದುಬಿಡಿ. ಕೊನೆಯ ಊಟ ದೀಪ ಆರಿಸುವ ಎರಡು ಗಂಟೆ ಮೊದಲೇ ಮುಗಿಯಲಿ, ಬಿಸಿ ಇಲ್ಲದೆ ಅರಗೋದಿಲ್ಲ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಎರಡು ವಾರ ಬಿಟ್ಟು ತೂಕ ಇಲ್ಲೇ ಹಾಕಿ, ನೋಡೋಣ.