ಬ್ಲೂ ಸಿಲ್ಕಿ ಜೋಡಿಗೆ ಕಪ್ಪು ಮರಿ ಬಂದಿದೆ, ಮೋಸ ಹೋದ್ನಾ? ಸಾಕಿ ಅನುಭವ ಇರೋರು ಹೇಳಿ

ಪ್ರಶ್ನೆ (ಸಾಗರದಿಂದ)

ನಮಸ್ಕಾರ ಎಲ್ರಿಗೂ. ಶೋ ಕ್ವಾಲಿಟಿ ಬ್ಲೂ (ನೀಲಿ ಛಾಯೆಯ ಬೂದು ಬಣ್ಣ) ಅಂತ ಹೇಳಿ ಒಬ್ರು ಒಂದ್ ಜೋಡಿ ಸಿಲ್ಕಿ (ತುಪ್ಪಳದಂಥ ಪುಕ್ಕ ಇರೋ ತಳಿ) ಕೋಳಿ ಕೊಟ್ರು, ರೇಟೂ ಹಂಗೇ ತಗೊಂಡ್ರು. ಈಗ ಅದರ ಮೊಟ್ಟೆ ಕಾವಿಗಿಟ್ರೆ ಕೆಲವು ಮರಿ ಬೂದು ಬಣ್ಣ, ಕೆಲವು ಪೂರ್ತಿ ಕಪ್ಪು, ಎರಡಕ್ಕೆ ಬಿಳಿ ಮೈಮೇಲೆ ಅಲ್ಲಲ್ಲಿ ಬೂದು ಚುಕ್ಕೆ. ಮನೇಲಿ ಊರ್ ಹುಂಜ ಒಂದು ಬಿಡಾಡಿ ಓಡಾಡ್ಕೊಂಡಿದೆ, ಅದರ ಕೈವಾಡಾನೋ ಅಥ್ವಾ ಕೊಟ್ಟೋರೇ ಟೋಪಿ ಹಾಕಿದ್ರೋ ಗೊತ್ತಾಗ್ತಿಲ್ಲ. ಮುಂದೆ ಪೆಟ್ ಶೋಗೆ ತಗೊಂಡು ಹೋಗೋ ಆಸೆ ಇದೆ, ಯಾವ ಮರಿ ಇಟ್ಕೊಳ್ಲಿ, ಬಣ್ಣ ಹೆಂಗೆ ಉಳಿಸ್ಕೊಳ್ಲಿ?

ಬೆಂಗಳೂರಿಂದ

ಗುರು, ಟೋಪಿ ಏನೂ ಬಿದ್ದಿಲ್ಲ. ಬ್ಲೂಗೆ ಬ್ಲೂ ಹಾಕಿದ್ರೆ ಎಲ್ಲಾ ಬ್ಲೂ ಬರುತ್ತೆ ಅಂತ ಹೊಸಬರೆಲ್ಲಾ ಅಂದ್ಕೋತಾರೆ, ಬರಲ್ಲ. ಬ್ಲೂ ಅನ್ನೋದು ಕಪ್ಪನ್ನ ತೆಳು ಮಾಡೋ ಒಂದು ಜೀನ್ ಅಷ್ಟೇ, ಅಪ್ಪ ಅಮ್ಮನಲ್ಲಿ ಒಬ್ರಿಂದ ಬಂದ್ರೆ ಬ್ಲೂ, ಇಬ್ರಿಂದಲೂ ಬಂದ್ರೆ ಸ್ಪ್ಲಾಶ್ (ನಿನ್ ಚುಕ್ಕೆ ಮರಿಗಳು ಅವೇ), ಯಾರಿಂದಲೂ ಬರ್ಲಿಲ್ಲ ಅಂದ್ರೆ ಕಪ್ಪು. ಸರಾಸರಿ ನೋಡಿದ್ರೆ 100ಕ್ಕೆ 50 ಬ್ಲೂ, 25 ಕಪ್ಪು, 25 ಸ್ಪ್ಲಾಶ್, ಆದ್ರೆ ಒಂದೇ ಹ್ಯಾಚ್‌ನಲ್ಲಿ ಈ ಲೆಕ್ಕ ಕೂಡಲ್ಲ, ಹತ್ರಲ್ಲಿ ಆರು ಕಪ್ಪೇ ಬಂದ್ರೂ ಬರಬಹುದು. ಸ್ಪ್ಲಾಶ್ ಬಂದಿದೆ ಅಂದ್ಮೇಲೆ ನಿನ್ ಹುಂಜ ಹೇಂಟೆ ಎರಡರಲ್ಲೂ ಆ ಜೀನ್ ಇದೆ ಅಂತಾಯ್ತು.

ಊರ್ ಹುಂಜದ ಅನುಮಾನ ಇದ್ರೆ ಕಪ್ಪು ಮರಿಗಳನ್ನ ಇನ್ನೂ ಸ್ವಲ್ಪ ವಾರ ಬೆಳೆಸಿ ನೋಡು. ಸಿಲ್ಕಿ ತುಪ್ಪಳ ಬರೋಕೆ ಇಬ್ರೂ ಕೊಡ್ಬೇಕು, ಊರ್ ಹುಂಜ ಮೆಟ್ಟಿದ್ರೆ ಬೆನ್ನ ಮೇಲೆ ಮಾಮೂಲಿ ನಾಟಿ ಕೋಳಿ ಪುಕ್ಕಾನೇ ಬರುತ್ತೆ. ಐದು ಬೆರಳು, ಕಪ್ಪು ಚರ್ಮ ನೋಡಿ ಅಸಲಿ ಅಂತ ತೀರ್ಮಾನ ಮಾಡ್ಬೇಡ, ಅವು ಕ್ರಾಸ್ ಮರೀಲೂ ಬರ್ತವೆ.

ಪುತ್ತೂರಿಂದ

ಅವರು ಹೇಳಿದ್ದು ಸರಿ ಉಂಟು. ನಿಮಗೆ ಮರಿ ಎಲ್ಲ ಬ್ಲೂನೇ ಆಗ್ಬೇಕಾದ್ರೆ ಕಪ್ಪಿಗೆ ಸ್ಪ್ಲಾಶ್ ಹಾಕಿ, ನೂರಕ್ಕೆ ನೂರು ಬ್ಲೂ ಬರ್ತದೆ, ಹಾಗಾಗಿ ಆ ಎರಡು ಚುಕ್ಕೆ ಮರಿಯನ್ನು ಯಾರಿಗೂ ಕೊಡ್ಲಿಕ್ಕೆ ಹೋಗ್ಬೇಡಿ. ಮತ್ತೊಂದು, ಲ್ಯಾವೆಂಡರ್ ಕೋಳಿಯನ್ನೂ ಬ್ಲೂ ಅಂತಲೇ ಮಾರುವವರಿದ್ದಾರೆ, ಅದು ಬೇರೆ ಜೀನ್. ಲ್ಯಾವೆಂಡರ್ ಜೋಡಿಗೆ ಎಲ್ಲಾ ಲ್ಯಾವೆಂಡರೇ ಬರ್ತದೆ, ಅದನ್ನು ಕಪ್ಪಿಗೆ ಹಾಕಿದ್ರೆ ಮೊದಲ ತಲೆಮಾರು ಪೂರ್ತಿ ಕಪ್ಪು. ತಲೆಯಿಂದ ಬಾಲದವರೆಗೆ ಒಂದೇ ಸಮ ತೆಳು ಬಣ್ಣ ಇದ್ರೆ ಲ್ಯಾವೆಂಡರ್ ಆಗಿರ್ಬಹುದು. ಬ್ಲೂ ಹುಂಜಕ್ಕೆ ಕುತ್ತಿಗೆ, ಬೆನ್ನು ಎದೆಗಿಂತ ಗಾಢ ಇರ್ತದೆ. ಬಿಳಿ ಸಿಲ್ಕಿಯನ್ನಂತೂ ಈ ಸಾಲಿಗೆ ಸೇರಿಸ್ಲೇಬೇಡಿ, ಬಿಳಿ ಅಡಿಯಲ್ಲಿ ಯಾವ ಬಣ್ಣ ಅಡಗಿದೆ ಅಂತ ಮರಿ ಬಂದ ಮೇಲೆಯೇ ಗೊತ್ತಾಗುದು.

ಮೈಸೂರಿಂದ

ಸ್ಪ್ಲಾಶ್ ವಿಷ್ಯದಲ್ಲಿ ನನ್ ಅಭಿಪ್ರಾಯ ಬೇರೆ. ಒಳ್ಳೇ ಕಪ್ಪು ಹೇಂಟೆಗೆ ಬ್ಲೂ ಹುಂಜ ಹಾಕೋದೇ ವಾಸಿ, ಅರ್ಧ ಕಪ್ಪು ಬರುತ್ತೆ ಬರ್ಲಿ, ಶೇಡ್ ಗಾಢವಾಗಿ ನಿಲ್ಲುತ್ತೆ. ಬ್ಲೂ-ಬ್ಲೂ ಅಂತ ತಲೆಮಾರುಗಟ್ಲೆ ಹಾಕ್ತಾ ಹೋದ್ರೆ ಬಣ್ಣ ತೊಳೆದು ಹೋಗುತ್ತೆ. ಹುಂಜದ ಕುತ್ತಿಗೇಲಿ, ಹೆಗಲ ಹತ್ರ ಚಿನ್ನದ ಎಳೆ ಕಂಡ್ರೆ ಅದನ್ನ ಬ್ರೀಡಿಂಗ್‌ಗೆ ಇಡ್ಬೇಡಿ.

ಧಾರವಾಡದಿಂದ

ಎಲ್ಲಾರೂ ಬಣ್ಣ ಬಣ್ಣ ಅನ್ನಾಕತ್ತೀರಿ, ಮೊದ್ಲ ಕೋಳಿ ನೋಡ್ರಿ. ಮರಿ ಕೈಯಾಗ ಹಿಡಕೊಂಡು ಬೆರಳು ಎಣಸ್ರಿ. ಐದು ಇರಬೇಕು, ಐದನೇದು ನಾಲ್ಕನೇದಕ್ಕ ಅಂಟಿರಬಾರ್ದು, ಬ್ಯಾರೆ ಆಗಿ ಮ್ಯಾಲ ತಿರುಗಿರಬೇಕು. ಕೋಂಬ್ (ತಲಿ ಮ್ಯಾಲಿನ ಮಾಂಸದ ಜುಟ್ಟು) ಗುಂಡಗ, ನೇರಳೆ ಹಣ್ಣಿನ ಬಣ್ಣ ಇರಬೇಕು. ಕೆಂಪು ಕೋಂಬ್, ಗರಗಸದಂಗ ನೆಟ್ಟಗಿನ ಕೋಂಬ್ ಇದ್ರ ಬಣ್ಣ ಎಷ್ಟ ಚಂದ ಇದ್ರೂ ಶೋನ್ಯಾಗ ನಡಿಯಂಗಿಲ್ಲ. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ನಿನವ್ರು 1874ರಾಗನ ಸಿಲ್ಕಿಗೆ ಸ್ಟ್ಯಾಂಡರ್ಡ್ ಬರದಾರ, ಇವತ್ತಿಗೂ ತಳಿ ಲಕ್ಷಣ ಅಂದ್ರ ಇವೇ. ಕಡಕ್‌ನಾಥ್ (ಮೈಯೆಲ್ಲಾ ಕರಿ ಇರೋ ಇನ್ನೊಂದು ತಳಿ) ಕ್ರಾಸ್ ಮಾಡಿ ಸಿಲ್ಕಿ ಅಂತ ಮಾರಾವ್ರು ಸಿಕ್ರೂ ಬೆರಳು, ಕೋಂಬ್ ನೋಡಿದ್ರ ಎಷ್ಟೋ ಸಲ ಅನುಮಾನ ಬರ್ತೈತಿ. ನನ್ನ ಕೇಳಿದ್ರ ಕಾಲು ಚಲೋ ಇರೋ ಕರಿ ಮರಿ, ಕಾಲು ಕೆಟ್ಟಿರೋ ಬ್ಲೂ ಮರಿಗಿಂತ ಮ್ಯಾಲ್ರಿ.

ಮಂಡ್ಯದಿಂದ

ತಮ್ಮ, ಇವರೆಲ್ಲಾ ಜೀನ್ ಹೇಳ್ತಾವ್ರೆ, ಮೊದ್ಲು ಮರಿ ಉಳಿಸ್ಕೊಳಪ್ಪ. ಸಿಲ್ಕಿಗೆ ಮ್ಯಾರೆಕ್ಸ್ (ಕಾಲಿನ ಸ್ವಾಧೀನ ತಪ್ಪಿಸೋ ವೈರಸ್ ರೋಗ) ಬೇಗ ಬಡಿಯುತ್ತೆ, ಒಂದ್ ಕಾಲು ಮುಂದೆ ಒಂದ್ ಕಾಲು ಹಿಂದೆ ಚಾಚ್ಕೊಂಡು ಬಿದ್ಬಿಟ್ರೆ ಆಮೇಲೆ ಔಷಧಿ ಇಲ್ಲ. ಅದರ ಲಸಿಕೆ ಮರಿ ಹುಟ್ಟಿದ ದಿನಾನೇ ಆಗ್ಬೇಕು, ಲಸಿಕೆ ಸೀಸೆ ದೊಡ್ಡದು ಬರೋದ್ರಿಂದ ಸಾಕೋರು ನಾಲ್ಕೈದು ಜನ ಸೇರಿ ತರ್ಸೋದು ಲೇಸು. ಕೊಕ್ಕರೆ ರೋಗಕ್ಕೆ (ರಾಣಿಖೇತ್) 5-7ನೇ ದಿನ ಲಸೋಟ ಲಸಿಕೆ ಕಣ್ಣಿಗೆ ಹನಿ, ಗಂಬೊರೋ ರೋಗಕ್ಕೆ 14ನೇ ದಿನದ ಆಸುಪಾಸು, ಸಿಡುಬಿಗೆ 6-8 ವಾರಕ್ಕೆ, ಪಶು ಆಸ್ಪತ್ರೇಲಿ ಕೇಳು.

ನಿಮ್ ಸಾಗರದ ಮಳೇಲಿ ಇವನ್ನ ಹೊರಗೆ ಬಿಡ್ಲೇಬ್ಯಾಡ. ಈ ತುಪ್ಪಳ ನೀರು ಜಾರ್ಸಲ್ಲ, ನೆಂದ್ರೆ ಚರ್ಮದವರ್ಗೂ ತೊಯ್ದು ನಡುಗ್ತವೆ. ಬಿಸ್ಲೂ ಜಾಸ್ತಿ ಬಿದ್ರೆ ಬ್ಲೂ ಬಣ್ಣ ಕಂದು ತಿರುಗುತ್ತೆ, ಇನ್ನು ಪುಕ್ಕ ಉದುರಿ ಹೊಸದು ಬರೋವರ್ಗೂ ಸರಿ ಹೋಗಲ್ಲ, ಶೋಗೆ ಬಿಡೋದನ್ನ ನೆರಳಲ್ಲೇ ಇಟ್ಕೋ. ಶೋಗೆ ಎರಡ್ ದಿನ ಮುಂಚೆ ಉಗುರು ಬೆಚ್ಚನೆ ನೀರಲ್ಲಿ ಬೇಬಿ ಶಾಂಪೂ ಹಾಕಿ ಕತ್ತಿನವರ್ಗೂ ಅದ್ದು, ತಲೆ ಮುಳುಗ್ಸಬ್ಯಾಡ, ತಲೇನ ಒದ್ದೆ ಬಟ್ಟೇಲಿ ಒರೆಸು ಸಾಕು. ನೊರೆ ಒಂಚೂರೂ ಉಳೀಬಾರ್ದು, ಒಂದ್ ನೀರಿಗೆ ಸ್ವಲ್ಪ ವಿನಿಗರ್ ಹಾಕಿದ್ರೆ ಸೋಪು ಬಿಡುತ್ತೆ, ಆಮೇಲೆ ಡ್ರೈಯರ್ ಕಮ್ಮಿ ಬಿಸೀಲಿ ಬುಡದವರ್ಗೂ ಒಣಗ್ಸು. ಮೇಲೆ ಒಣಗಿ ಒಳಗೆ ಹಸಿ ಇದ್ರೆ ತುಪ್ಪಳ ಗಂಟಾಗುತ್ತೆ.

ಸಾಗರದಿಂದ ಮತ್ತೆ

ಎಲ್ರಿಗೂ ಥ್ಯಾಂಕ್ಸ್. ಬೆರಳು ನೋಡ್ದೆ, ಒಂದ್ ಬ್ಲೂ ಮರಿಗೆ ಎಡಗಾಲಲ್ಲಿ ಬೆರಳು ಅಂಟಿದೆ, ಕಪ್ಪು ಮರಿಗಳದ್ದೆಲ್ಲಾ ಚೆನ್ನಾಗಿದೆ. ಊರ್ ಹುಂಜಾನ ಇವತ್ತೇ ಬೇರೆ ಕಡೆ ಹಾಕ್ತೀನಿ, ನಾಳೆಯಿಂದ ಮೊಟ್ಟೆ ಎತ್ತಿಡ್ಲಾ?

ಬೆಂಗಳೂರಿಂದ

ನಾಳೆ ಬೇಡ. ಹುಂಜ ತೆಗೆದ್ರೂ ಅದರ ವೀರ್ಯ ಹೇಂಟೆ ಹೊಟ್ಟೇಲಿ ಎರಡು-ಮೂರು ವಾರ ಇರುತ್ತೆ, ಕಮ್ಮಿ ಅಂದ್ರೂ ಮೂರು ವಾರದ ಮೊಟ್ಟೆ ಆಮ್ಲೆಟ್‌ಗೇ. ಅಷ್ಟರೊಳಗೆ ಬ್ಲೂ ಜೋಡಿಗೆ ಜಾಲರಿ ಹಾಕಿ ಬೇರೆ ಗೂಡು ಮಾಡು, ಎರಡಕ್ಕೂ ಹಿಂಭಾಗದ ತುಪ್ಪಳ ಕತ್ತರೀಲಿ ಟ್ರಿಮ್ ಮಾಡು, ಅದು ಅಡ್ಡ ಬಂದು ಎಷ್ಟೋ ಮೊಟ್ಟೆ ಬರಡಾಗ್ತವೆ. ಮೊಟ್ಟೆ ಮೇಲೆ ಪೆನ್ಸಿಲಲ್ಲಿ ತಾರೀಖು ಬರೆದು ಚೂಪು ತುದಿ ಕೆಳಗೆ ಬರೋ ಹಂಗೆ ಇಡು, ವಾರ ದಾಟಿದ್ದು ಕಾವಿಗೆ ಬೇಡ. ಆ ಅಂಟು ಬೆರಳಿನ ಬ್ಲೂ ಮನೇಲಿ ಸಾಕೋಕೆ ಇರ್ಲಿ, ಬ್ರೀಡಿಂಗ್‌ಗೆ ಬೇಡ.