‘ಚದುರು’ ಎಂಬ ಪದ ಒಂದೇ ಕಣಕ್ಕೆ ಒಪ್ಪುತ್ತದೆಯೇ?

ಗೆಳೆಯರೇ, ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಪರಮಾಣುವಿನೊಳಗೆ ನ್ಯೂಕ್ಲಿಯಸ್ ಎಂಬ ಪುಟ್ಟ ನಡುಭಾಗ ಇದೆ ಅಂತ ಗೊತ್ತಾದದ್ದು ಹೇಗೆ ಎಂದು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಆಲ್ಫಾ ಕಣಗಳನ್ನು (ಕೆಲವು ವಿಕಿರಣಶೀಲ ವಸ್ತುಗಳಿಂದ ಹೊಮ್ಮುವ, ಧನ ವಿದ್ಯುದಂಶವಿರುವ ಕಣಗಳು) ತೆಳು ಲೋಹದ ಹಾಳೆಯ ಮೇಲೆ ಬಿಟ್ಟು ನೋಡಿದ ಭೌತವಿಜ್ಞಾನಿ ರುದರ್‌ಫೋರ್ಡ್ ಅವರ ಪ್ರಯೋಗಕ್ಕೆ ‘ಆಲ್ಫಾ ಕಣಗಳ ಚದುರುವಿಕೆ’ ಎಂಬ ಹೆಸರು ರೂಢಿಯಲ್ಲಿದೆ. ತಲೆಬರಹಕ್ಕೆ ಅದು ಚೆನ್ನಾಗಿಯೇ ಇದೆ. ವಾಕ್ಯದೊಳಗೆ ತಂದಾಗ ತೊಡಕು. ‘ಒಂದು ಆಲ್ಫಾ ಕಣ ಚದುರಿತು’ ಎಂದು ಬರೆದು ಗಟ್ಟಿಯಾಗಿ ಓದಿ ನೋಡಿದೆ, ಕಿವಿಗೆ ಹಿಡಿಸಲಿಲ್ಲ.

ಗುಂಪು ಚದುರುತ್ತದೆ. ಮೋಡ ಚದುರುತ್ತದೆ. ಗಾಳಿಗೆ ಕಾಗದಗಳು ಚದುರುತ್ತವೆ. ಒಟ್ಟಿಗಿದ್ದದ್ದು ಬೇರೆ ಬೇರೆಯಾದರೆ ಮಾತ್ರ ಈ ಮಾತು ಬರುತ್ತದೆ. ಒಬ್ಬನೇ ನಿಂತಿದ್ದವನು ಬೇರೆ ದಾರಿ ಹಿಡಿದರೆ ಅವನು ಚದುರಿದ ಅನ್ನುವುದಿಲ್ಲ ಅಲ್ವಾ? ಒಂದು ಕಣ ಚದುರಿತು ಅಂದರೆ ಆ ಕಣವೇ ಒಡೆದು ಚೂರಾಯಿತು ಎಂದು ಮಗು ತಿಳಿಯಬಹುದು.

ಇದು ಸುಮ್ನೆ ವ್ಯಾಕರಣದ ಮಾತಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಇಲ್ಲಿ ಇಡೀ ವಿಚಾರವೇ ಆ ‘ಒಂದು’ ಎಂಬುದರ ಮೇಲೆ ನಿಂತಿದೆ. 1909ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ರುದರ್‌ಫೋರ್ಡ್ ಅವರ ಸಹಾಯಕ ಗೈಗರ್ ಮತ್ತು ಇನ್ನೂ ವಿದ್ಯಾರ್ಥಿಯಾಗಿದ್ದ ಮಾರ್ಸ್‌ಡೆನ್ ಕತ್ತಲೆ ಕೋಣೆಯಲ್ಲಿ ಕೂತು, ಸತುವಿನ ಸಲ್ಫೈಡ್ ಬಳಿದ ಪರದೆಯ ಮೇಲೆ ಕಣ ಬಿದ್ದಾಗಲೆಲ್ಲ ಮಿನುಗುವ ಚುಕ್ಕೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಒಂದೊಂದಾಗಿ ಎಣಿಸಿದರು. ಪ್ಲಾಟಿನಂ ಮೇಲೆ ಬಿಟ್ಟ ಕಣಗಳಲ್ಲಿ ಸುಮಾರು 8000ಕ್ಕೆ ಒಂದು, ಬಂದ ಕಡೆಗೇ ಮರಳಿತ್ತು. ಪರಮಾಣುವಿನ ಧನ ವಿದ್ಯುದಂಶ ಅದರ ತುಂಬಾ ತೆಳುವಾಗಿ ಹರಡಿದೆ ಎಂಬ ಭೌತವಿಜ್ಞಾನಿ ಥಾಮ್ಸನ್ ಅವರ ಕಲ್ಪನೆ ನಿಜವಾಗಿದ್ದರೆ, ಒಂದು ಪರಮಾಣು ಕಣದ ದಾರಿಯನ್ನು ತುಸುವೇ ತಿರುಗಿಸಬಲ್ಲದು. ಆದರೆ ಚಿನ್ನದ ರೇಕಿನಲ್ಲೂ ದಪ್ಪಕ್ಕೆ ಸಾವಿರದಷ್ಟು ಪರಮಾಣುಗಳಿರುತ್ತವೆ, ಸಣ್ಣ ಸಣ್ಣ ತಿರುವುಗಳೇ ಸೇರಿ ದೊಡ್ಡದಾಗಿರಬಾರದೇ? ಒಳ್ಳೆಯ ಪ್ರಶ್ನೆ ಇದು. ಆ ತಿರುವುಗಳು ಒಮ್ಮೆ ಅತ್ತ ಒಮ್ಮೆ ಇತ್ತ ಆಗುತ್ತವೆ, ಎಲ್ಲವೂ ಒಂದೇ ಕಡೆಗೆ ಕೂಡಿಕೊಂಡು ಕಣವನ್ನು ಹಿಂದಕ್ಕೆ ಕಳಿಸುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. 1911ರಲ್ಲಿ ರುದರ್‌ಫೋರ್ಡ್ ಹೇಳಿದ್ದು ಇದನ್ನೇ: ಒಂದು ಕಣ, ಒಂದು ಪರಮಾಣು, ಒಂದೇ ದೊಡ್ಡ ತಿರುವು. ಹಾಗಾಗಬೇಕಾದರೆ ವಿದ್ಯುದಂಶವೆಲ್ಲ ತೀರಾ ಚಿಕ್ಕ ಜಾಗದಲ್ಲಿ ಒತ್ತಾಗಿ ಕೂತಿರಬೇಕು. ‘ಚದುರು’ ಅಂದಾಗ ಈ ‘ಒಂದು’ ಮಾಯವಾಗುತ್ತದೆ. ನನಗೆ ನೋವಾಗುವುದು ಅಲ್ಲೇ.

ಹೆಸರಿನ ಗೊಂದಲ ಆ ವಿಜ್ಞಾನಿಗಳಿಗೂ ಇತ್ತು. 1909ರ ಲೇಖನದ ತಲೆಬರಹದಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಬಳಸಿದ್ದು ಪ್ರತಿಫಲನ ಎಂಬ ಅರ್ಥದ ಪದ, ಕನ್ನಡಿಯಿಂದ ಬೆಳಕು ಮರಳಿದ ಹಾಗೆ. ರುದರ್‌ಫೋರ್ಡ್ ಅವರ 1911ರ ಲೇಖನದ ಹೊತ್ತಿಗೆ ಅದು ಹೋಗಿ ಚದುರುವಿಕೆ ಬಂತು. ನ್ಯೂಕ್ಲಿಯಸ್ ಎಂಬ ಪದವಂತೂ ಆ ಲೇಖನದಲ್ಲಿ ಇಲ್ಲವೇ ಇಲ್ಲ, ನಡುವಿನ ವಿದ್ಯುದಂಶ ಎಂದಷ್ಟೇ ಇದೆ!

ಹಾಗಾದರೆ ಬೇರೆ ಯಾವ ಪದ? ‘ಬಡಿದು ವಾಪಸ್ ಬಂತು’, ‘ಡಿಕ್ಕಿ ಹೊಡೆಯಿತು’ ಎಂದು ಬರೆಯುವವರಿದ್ದಾರೆ. ಇದು ಇನ್ನೂ ತಪ್ಪು. ಆ ಪ್ರಯೋಗದಲ್ಲಿ ಕಣ ನ್ಯೂಕ್ಲಿಯಸ್ಸನ್ನು ಮುಟ್ಟುವುದೇ ಇಲ್ಲ. ಚಿನ್ನದ ನ್ಯೂಕ್ಲಿಯಸ್ಸಿನ ತ್ರಿಜ್ಯ ಸುಮಾರು 7 ಫೆಮ್ಟೊಮೀಟರ್ (ಒಂದು ಫೆಮ್ಟೊಮೀಟರ್ ಅಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು). ನೇರ ಎದುರಿಗೆ ಬಂದ ಕಣ ಕೂಡ ಕೇಂದ್ರದಿಂದ ಸುಮಾರು 30 ಫೆಮ್ಟೊಮೀಟರ್ ದೂರದಲ್ಲೇ ನಿಂತು, ವಿದ್ಯುತ್ತಿನ ವಿಕರ್ಷಣೆಗೆ ಹಿಂದಿರುಗುತ್ತದೆ. ‘ಪುಟಿಯಿತು’ ಅಂದರೂ ಗೋಡೆಗೆ ಬಿದ್ದ ಚೆಂಡೇ ಕಣ್ಣ ಮುಂದೆ ಬರುತ್ತದೆ. ‘ವಿಚಲನೆ’ ಎಂಬ ಪಾರಿಭಾಷಿಕ ಪದ ಅರ್ಥಕ್ಕೆ ಸರಿ, ಆದರೆ ಮಕ್ಕಳಿಗೆ ಅದನ್ನೂ ಬಿಡಿಸಿ ಹೇಳಬೇಕು.

ನನಗೆ ಹಿಡಿಸಿದ್ದು ‘ಹೊರಳು’. ದಾರಿ ಎಡಕ್ಕೆ ಹೊರಳಿತು ಅನ್ನುತ್ತೇವಲ್ಲ, ಹಾಗೆ. ‘ಹೆಚ್ಚಿನ ಕಣಗಳು ನೇರ ಹೋದವು, ಕೆಲವು ತುಸು ಹೊರಳಿದವು, ಎಲ್ಲೋ ಒಂದು ಪೂರಾ ಹಿಂದಕ್ಕೆ ಹೊರಳಿತು.’ ಇಲ್ಲಿ ಏನೂ ಒಡೆಯುವುದಿಲ್ಲ, ಏನೂ ತಾಗುವುದಿಲ್ಲ.

‘ಚದುರು’ವನ್ನು ಪೂರ್ತಿ ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಇಡೀ ಕಿರಣಪುಂಜಕ್ಕೆ ಅದು ಸರಿಯಾದ ಪದ. ಆದರೆ ಅಲ್ಲೂ ಒಂದು ಎಚ್ಚರ ಬೇಕು, ಕೇಳಿದವರಿಗೆ ಎಲ್ಲ ದಿಕ್ಕಿಗೂ ಸಮವಾಗಿ ಹೋದವು ಅನ್ನಿಸುತ್ತದೆ. ಗೈಗರ್ ಮತ್ತು ಮಾರ್ಸ್‌ಡೆನ್ ಅವರ 1913ರ ಎಣಿಕೆಯಲ್ಲಿ, ನೇರ ದಾರಿಯಿಂದ 150 ಡಿಗ್ರಿ ಹೊರಳಿದ ಕೋನದಲ್ಲಿ 33 ಮಿನುಗು ಸಿಕ್ಕರೆ, ಅದೇ ಅಳತೆಯಲ್ಲಿ 15 ಡಿಗ್ರಿಯಲ್ಲಿ 1,32,000.

ಈಗ ನನ್ನ ಪ್ರಶ್ನೆಗಳು. ಒಂದೇ ವಸ್ತುವಿಗೆ ‘ಚದುರು’ ಬಳಸಿದ್ದನ್ನು ಮಾತಿನಲ್ಲಾಗಲಿ ಹಳೆಯ ಬರಹದಲ್ಲಾಗಲಿ ಯಾರಾದರೂ ಕಂಡಿದ್ದೀರಾ? ‘ಹೊರಳು’ ಅಂದ ಕೂಡಲೇ ನಿಮಗೆ ದಿಕ್ಕು ಬದಲಿಸುವುದು ಹೊಳೆಯುತ್ತದೆಯೋ, ನೆಲದ ಮೇಲೆ ಉರುಳಾಡುವುದೋ? ಎರಡನೆಯದೇ ಜಾಸ್ತಿ ಅನ್ನುವುದಾದರೆ ಬೇರೆ ಪದ ಹುಡುಕಬೇಕು, ದಯವಿಟ್ಟು ತಿಳಿಸಿ.